ಹೊರಗಿನ ಬುತ್ತಿಗೆ ಪ್ರವೇಶವಿಲ್ಲ

ನಾನು ಹೆಂಡತಿಯ ಅಡಿಗೆಗೆ ಒಂದು ದಿನವೂ ಹೆಸರಿಟ್ಟವನಲ್ಲ, ಕೊರತೆ ಹೇಳಿದವನಲ್ಲ. ಇದನ್ನು ಓದಿ ನನ್ನನ್ನು ಒಳ್ಳೆಯ ಗಂಡನೆಂದು ತಿಳಿಯಬೇಡಿ. ಧೈರ್ಯವಿಲ್ಲದ ಗಂಡನೆಂದು ತಿಳಿದರೆ ಸರಿಹೋಗುತ್ತದೆ. ಶಾಂತಾ ತಾಟಿಗೆ ಏನು ಬಡಿಸಿದರೂ, ತುತ್ತು ಬಾಯಿಗೆ ಹೋಗುವ ಮೊದಲೇ "ಭಾಳ ಛಲೋ ಆಗ್ಯಾದ" ಎಂದುಬಿಡುವುದು ನನ್ನ ಅಭ್ಯಾಸ. ಅವಳು ಅಫಜಲಪುರದ ಕಡೆಯವಳು. ಭೀಮೆಯ ದಂಡೆಯ ಆ ಜನಕ್ಕೆ ಹೊಗಳಿಕೆಯೇ ಹಿಡಿಸುವುದಿಲ್ಲವೋ, ನನ್ನ ಹೊಗಳಿಕೆ ಮಾತ್ರ ಹಿಡಿಸುವುದಿಲ್ಲವೋ ತಿಳಿಯದು. "ಇನ್ನಾ ಉಂಡೇ ಇಲ್ಲ, ಛಲೋ ಆಗ್ಯಾದಂತ ಹ್ಯಾಂಗ ತಿಳೀತ್ರಿ?" ಎಂದು ಕೇಳುತ್ತಿದ್ದಳು. ಹೀಗೆ ಮನೆಯಲ್ಲಿ ನುಂಗಿಕೊಂಡ ಅಭಿಪ್ರಾಯಗಳೆಲ್ಲ ಎಲ್ಲಿಗೆ ಹೋಗಬೇಕು ಹೇಳಿ? ಒಳಗೆ ಜಾಗ ಸಾಲದೆ ಒಂದು ದಿನ ಹೊರಬಿದ್ದವು. ಬಿದ್ದದ್ದು ಸರ್ಕಾರಿ ಕ್ಯಾಂಟೀನಿನ ದೂರು ಪುಸ್ತಕದಲ್ಲಿ.

ಇದು ಎಂಬತ್ತರ ದಶಕದ ಮೊದಮೊದಲಿನ ಮಾತು. ಆಳಂದ ತಾಲೂಕಿನ ಮಟಕಿಯ ಹತ್ತಿರ ಹುಟ್ಟಿದ ನಾನು ಜೇವರ್ಗಿಯ ಒಂದು ಸರ್ಕಾರಿ ಕಚೇರಿಯಲ್ಲಿ ಗುಮಾಸ್ತನಾಗಿದ್ದೆ. ಯಾವ ಕಚೇರಿ ಎಂದು ಹೇಳುವುದಿಲ್ಲ. ಯಾಕೆ ಹೇಳಲಿಲ್ಲವೆಂಬುದು ಮುಂದೆ ನಿಮಗೇ ತಿಳಿಯುತ್ತದೆ. ಕಚೇರಿಯ ಅಂಗಳದಲ್ಲಿ, ಬೇವಿನ ಮರಗಳ ಆಚೆ, ಒಂದು ಹಳೆಯ ತಗಡಿನ ಶೆಡ್ಡು ಇತ್ತು. ಅದಕ್ಕೆ ಸುಣ್ಣ ಬಳಿದು, ಬೆಂಚು ಹಾಕಿ, ಅಗ್ಗದ ಊಟದ ಕ್ಯಾಂಟೀನು ತೆರೆದಿದ್ದರು. ಬಜಾರದ ಹಮಾಲರು, ಊರ ಕೂಲಿಯವರು, ಕೋರ್ಟು ಕಚೇರಿ ಎಂದು ಹಳ್ಳಿಗಳಿಂದ ಬರುವವರು ಹಸಿದು ಹೋಗಬಾರದು ಎಂಬುದು ಉದ್ದೇಶ. ಅರ್ಧ ಖರ್ಚು ಸರ್ಕಾರದ್ದು. ಉದ್ದೇಶದಲ್ಲಿ ಒಂದು ಕಲ್ಲೂ ಇರಲಿಲ್ಲ. ಇದ್ದ ಕಲ್ಲುಗಳೆಲ್ಲ ಅನ್ನದಲ್ಲಿದ್ದವು.

ಶಾಂತಾ ತವರಿಗೆ ಹೋಗಿದ್ದ ಒಂದು ವಾರ ನಾನು ಅಲ್ಲಿ ಉಂಡೆ. ಮೂರನೆಯ ದಿನ ದೂರು ಪುಸ್ತಕ ಕೇಳಿ ತೆಗೆದುಕೊಂಡು, ನನ್ನ ದುಂಡನೆಯ ಅಕ್ಷರಗಳಲ್ಲಿ, "ಸುತ್ತ ಎತ್ತ ನೋಡಿದರೂ ತೊಗರಿ ಬೆಳೆಯುವ ಈ ಸೀಮೆಯಲ್ಲಿ ನಮ್ಮ ಸಾಂಬಾರಿನೊಳಗೆ ಬೇಳೆ ಕಾಣೆಯಾಗಿರುತ್ತದೆ. ಹುಡುಕಿಸಲು ಈಜು ಬಲ್ಲ ಒಬ್ಬ ನೌಕರನನ್ನು ನೇಮಿಸಬೇಕಾಗಿ ವಿನಂತಿ" ಎಂದು ಬರೆದು ಸಹಿ ಹಾಕಿದೆ. ಬರೆದಾದ ಮೇಲೆ ಎರಡು ಸಲ ಓದಿಕೊಂಡೆ. ಪಕ್ಕದಲ್ಲಿದ್ದವರಿಗೂ ಓದಿ ಹೇಳಿದೆ. ಜೀವನದಲ್ಲಿ ನನ್ನ ಬರವಣಿಗೆಗೆ ಅಷ್ಟು ನಗು ಸಿಕ್ಕಿದ್ದು ಅದೇ ಮೊದಲು.

ಮರುದಿನ ನಮ್ಮ ಸಾಹೇಬರು ಕರೆಸಿದರು. ಅವರು ಜಗಳ ಬಯಸದ ಮನುಷ್ಯ. ಯಾರು ಯಾವುದರ ಮೇಲೆ ದೂರು ಕೊಟ್ಟರೂ ಅದನ್ನು ದೂರು ಕೊಟ್ಟವನ ಕೊರಳಿಗೇ ಕಟ್ಟಿಬಿಡುವುದು ಅವರು ಕಂಡುಕೊಂಡ ಉಪಾಯ. ನಲ್ಲಿಯಲ್ಲಿ ನೀರು ಬರುವುದಿಲ್ಲ ಎಂದಿದ್ದ ಟೈಪಿಸ್ಟ್ ಆಗಲೇ ನೀರಿನ ಉಸ್ತುವಾರಿಯಾಗಿದ್ದ. "ಭಾಳ ಛಂದ ಬರದೀರಿ. ನಗಿ ತಡಕೊಳ್ಳಾಕ ಆಗ್ಲಿಲ್ಲ. ಊಟದ ಬಗ್ಗೆ ಇಷ್ಟು ತಿಳಿದಾವ್ರು ನಮ್ಮ ಆಫೀಸಿನ್ಯಾಗ ಅದಾರಂತ ಗೊತ್ತೇ ಇರಲಿಲ್ಲ. ಇವತ್ತಿನಿಂದ ಕ್ಯಾಂಟೀನ ನೀವೇ ನೋಡ್ಕೋರಿ. ದಿನಾ ಮಂದೀಕಿಂತ ಮೊದಲ ನೀವು ಒಂದ್ ತಾಟು ಉಂಡು, ರುಚಿ ಅದ ಅಂತ ಸಹಿ ಮಾಡ್ರಿ" ಎಂದರು.

ಹೀಗೆ ನಾನು, ಮನೆಯಲ್ಲಿ ಉಣ್ಣದೆಯೇ ಹೊಗಳುತ್ತಿದ್ದವನು, ಕಚೇರಿಯಲ್ಲಿ ಉಂಡು ಹೊಗಳಬೇಕಾಯಿತು.

ಅಡಿಗೆಯವರು ಖಾಜಾಸಾಬರು. ಬಿಳಿ ಗಡ್ಡ, ಅಗಲವಾದ ಭುಜ, ನೋಯುವ ಮೊಣಕಾಲು. ಮೂವತ್ತು ವರ್ಷ ಈ ಸೀಮೆಯ ಮದುವೆಗಳಿಗೆ ಅಡಿಗೆ ಮಾಡಿದವರು; ಹಿಂದೂ ಮದುವೆಗೆ ಹುಗ್ಗಿ, ಮುಸಲ್ಮಾನರ ಮದುವೆಗೆ ಬಿರಿಯಾನಿ, ಎರಡರಲ್ಲೂ ಅವರ ಹೆಸರಿತ್ತು. ಊರೂರು ತಿರುಗಲು ಕಾಲು ಒಲ್ಲೆನೆಂದ ಮೇಲೆ ಈ ಕೆಲಸ ಹಿಡಿದಿದ್ದರು. ಅಂಥವರ ಕೈಯಲ್ಲಿ ಇಂಥ ಸಾಂಬಾರು ಹೇಗೆ ಹುಟ್ಟುತ್ತದೆ ಎಂಬುದು ನನಗೆ ಬಿಡಿಸಲಾಗದ ಒಗಟಾಗಿತ್ತು. ಮೊದಲ ದಿನವೇ ಕೇಳಿದೆ. ಅವರು ಸೌಟು ಕೆಳಗಿಟ್ಟು, "ದೂರು ಬರದಾವ್ರು ನೀವೇ ಅಲ್ರಿ? ಕೂಡ್ರಿ" ಎಂದರು. "ಸಾಹೇಬ್ರ, ನೂರ್ ಮಂದಿಗಿಂತ ಕಮ್ಮಿ ಅಂದ್ರ ನನ್ನ ಕೈಗೆ ತಿಳಿಯಂಗಿಲ್ರಿ. ಉಪ್ಪು ಮುಷ್ಟೀಲೆ ಹಾಕಿದ ಕೈ ಇದು. ಇಲ್ಲಿ ಬರೋದು ಇಪ್ಪತ್ತು ಮಂದಿ. ಚಿಟಿಕೀಲೆ ಹ್ಯಾಂಗ ಹಾಕ್ಲಿ? ಹಂಡೇದಾಗ ಮಾಡೋ ಅಡಿಗಿ ಚರಗೀದಾಗ ಮಾಡಂದ್ರ ಹ್ಯಾಂಗ ಆಗ್ತದ?" ನಾನು "ಹಂಗಾದ್ರ ನೂರು ಮಂದಿ ಯಾಕ ಬರಂಗಿಲ್ಲ?" ಎಂದೆ. "ರುಚಿ ಇಲ್ಲಂತ" ಎಂದರು. "ರುಚಿ ಯಾಕ ಇಲ್ಲ?" "ನೂರ್ ಮಂದಿ ಬರಂಗಿಲ್ಲಂತ." ಅವರು ಸೌಟು ಎತ್ತಿಕೊಂಡರು, ನಾನು ಸಹಿ ಪುಸ್ತಕ ಎತ್ತಿಕೊಂಡೆ. ಆ ದಿನದ ಸಹಿ ಮಾಡುವಾಗ "ರುಚಿಯಾಗಿದೆ" ಎಂಬುದನ್ನು ಯಾರಿಗೂ ಓದಲು ಬಾರದಷ್ಟು ಸಣ್ಣಗೆ ಬರೆದೆ.

ಉಸ್ತುವಾರಿ ಎಂದಮೇಲೆ ಏನಾದರೂ ಸುಧಾರಣೆ ಮಾಡಬೇಕಲ್ಲ. ನನಗೆ ಅಡಿಗೆ ಬರುವುದಿಲ್ಲ, ಅಕ್ಷರ ಬರುತ್ತದೆ. ಆದ್ದರಿಂದ ನನ್ನ ಸುಧಾರಣೆಗಳೆಲ್ಲ ಬೋರ್ಡುಗಳ ರೂಪದಲ್ಲಿ ಪ್ರಕಟವಾದವು. "ಕೈ ತೊಳೆದು ಕುಳಿತುಕೊಳ್ಳಿರಿ", "ಗದ್ದಲ ಮಾಡಬೇಡಿರಿ", "ಅನ್ನ ಚೆಲ್ಲಬೇಡಿರಿ". ಇವುಗಳಲ್ಲೆಲ್ಲ ದೊಡ್ಡದು ಬಾಗಿಲ ಮೇಲಿನದು. ಹಿಂದೊಮ್ಮೆ ನಾನು ಗುಲಬರ್ಗಾದ ಒಂದು ಹೋಟೆಲಿನಲ್ಲಿ ತಾಯಿ ಕಟ್ಟಿಕೊಟ್ಟ ರೊಟ್ಟಿಯ ಗಂಟು ಬಿಚ್ಚಿದಾಗ ಮ್ಯಾನೇಜರು ನನ್ನನ್ನು ಗಂಟಿನ ಸಮೇತ ಎಬ್ಬಿಸಿ, ಗೋಡೆಯ ಮೇಲಿನ ಬೋರ್ಡು ತೋರಿಸಿದ್ದ. ಆ ಅವಮಾನ ನನ್ನಲ್ಲಿ ಸಿಟ್ಟು ಹುಟ್ಟಿಸಬೇಕಾಗಿತ್ತು. ಹುಟ್ಟಿಸಿದ್ದು ಗೌರವ. ಇಂಥ ಬೋರ್ಡು ಇದ್ದರೇ ಅದು ದೊಡ್ಡ ಹೋಟೆಲು ಎಂಬ ಭಾವನೆ ಮನಸ್ಸಿನಲ್ಲಿ ಕುಳಿತುಬಿಟ್ಟಿತ್ತು. ಈಗ ಅವಕಾಶ ಸಿಕ್ಕಿತು. ನೀಲಿ ಹಲಗೆಯ ಮೇಲೆ ಬಿಳಿ ಬಣ್ಣದಲ್ಲಿ, ಎರಡು ದಿನ ಕುಳಿತು, "ಹೊರಗಿನ ಬುತ್ತಿಗೆ ಪ್ರವೇಶವಿಲ್ಲ" ಎಂದು ಬರೆದೆ. ಅಕ್ಷರಗಳು ಮುತ್ತಿನಂತೆ ಬಂದಿದ್ದವು. ಅಂಗಳದ ಆ ತುದಿಯಿಂದಲೂ ಓದಬಹುದಿತ್ತು. ಜನ ಓದಿದರು, ಓದಿ ಅಲ್ಲಿಂದಲೇ ತಿರುಗಿದರು. ಇಪ್ಪತ್ತು ಇದ್ದವರು ಹನ್ನೆರಡಾದರು.

ಆಗಲೇ ಮೇಲಿನಿಂದ ಕಾಗದ ಬಂತು. ಬರುವ ತಿಂಗಳು ಒಬ್ಬ ಅಧಿಕಾರಿ ಬಂದು ತಪಾಸಣೆ ಮಾಡುತ್ತಾರೆ. ಜನರಿಗೆ ಬೇಡವಾದ ಕ್ಯಾಂಟೀನನ್ನು ಮುಚ್ಚಲಾಗುವುದು. ಕಾಗದವನ್ನು ಖಾಜಾಸಾಬರಿಗೆ ಓದಿ ಹೇಳಿದೆ. ಅವರು ಒಲೆಯ ಮುಂದೆ ಕುಳಿತು ಮೊಣಕಾಲು ನೀವಿಕೊಳ್ಳುತ್ತ, "ಜನಕ್ಕ ಬ್ಯಾಡಾತಂತ ಬರದಾರೇನ್ರಿ?" ಎಂದು ಕೇಳಿದರು. ಹೌದೆಂದೆ. "ಮೂವತ್ತು ವರ್ಷದಾಗ ನನ್ನ ಅಡಿಗಿಗೆ ಬ್ಯಾಡ ಅಂದಾವ್ರು ಇರಲಿಲ್ರಿ" ಎಂದು ಅಷ್ಟೇ ಹೇಳಿ ಎದ್ದು ಒಲೆ ಊದತೊಡಗಿದರು. ಹೊಗೆಯಲ್ಲಿ ಅವರು ಕಣ್ಣು ಒರೆಸಿಕೊಂಡದ್ದು ಕಂಡಿತು. ಹೊಗೆಯಿಂದಲೇ ಇರಬೇಕೆಂದು ನಾನು ನನಗೆ ಸಮಾಧಾನ ಹೇಳಿಕೊಂಡೆ. ಈಜು ಬಲ್ಲ ನೌಕರನ ಮಾತು ಬರೆದ ಕೈಯನ್ನು ಅಂಗಿಯ ಜೇಬಿಗೆ ಹಾಕಿಕೊಂಡೆ.

ಇತ್ತ ಮನೆಯಲ್ಲಿ ಬೇರೆ ತಪಾಸಣೆ ನಡೆದಿತ್ತು. ದಿನಾ ಹನ್ನೆರಡಕ್ಕೆ ಒಂದು ತಾಟು ಸರ್ಕಾರಿ ಊಟ ಉಂಡವನು ಒಂದೂವರೆಗೆ ಮನೆಗೆ ಬಂದು ಎಷ್ಟು ಉಂಡಾನು? ಶಾಂತಾ ಬಿಸಿ ರೊಟ್ಟಿ ಬಡಿಯುತ್ತಿದ್ದಳು, ನಾನು ಅರ್ಧಕ್ಕೆ ಕೈ ತೊಳೆಯುತ್ತಿದ್ದೆ. "ಭಾಳ ಛಲೋ ಆಗ್ಯಾದ" ಎಂಬ ಮಾತಿಗೆ ಮೊದಲೇ ಇಲ್ಲದ ಬೆಲೆ ಈಗ ಪೂರ್ತಿ ಹೋಯಿತು. ಒಂದು ಸೋಮವಾರ ಅವಳು ಸೆರಗು ಬಿಗಿದುಕೊಂಡು, "ನನ್ನ ರೊಟ್ಟಿ ಬಿಟ್ಟು ಅದೇನ್ ಉಣ್ಣಾಕತ್ತೀರಿ, ನೋಡೇ ಬಿಡ್ತೇನಿ" ಎಂದು ಕ್ಯಾಂಟೀನಿಗೇ ಬಂದಳು. ಬಂದು ಒಂದು ಚಮಚ ಸಾಂಬಾರು ಬಾಯಿಗಿಟ್ಟಳು. ಕೋಪವೆಲ್ಲ ಇಳಿದುಹೋಯಿತು. "ಪಾಪ, ದಿನಾ ಇದನ್ನ ಉಣ್ಣಾಕತ್ತೀರಿ?" ಎಂದು ನನ್ನನ್ನು ಮದುವೆಯಾದಾಗಿನಿಂದ ಒಮ್ಮೆಯೂ ನೋಡದಷ್ಟು ಕರುಣೆಯಿಂದ ನೋಡಿದಳು.

ಆದರೆ ಅವಳ ಕಣ್ಣು ಅಲ್ಲಿಗೇ ನಿಲ್ಲಲಿಲ್ಲ. ಶೆಡ್ಡಿನ ಹೊರಗೆ, ಗೋಡೆಯ ನೆರಳಿನಲ್ಲಿ, ಮೂವತ್ತು ನಲವತ್ತು ಜನ ಸಾಲಾಗಿ ಕುಳಿತು ತಮ್ಮ ತಮ್ಮ ಗಂಟು ಬಿಚ್ಚಿದ್ದರು. ನಾನು ಅವರನ್ನು ದಿನಾ ನೋಡುತ್ತಿದ್ದೆ, ಎಂದರೆ ಬೇವಿನ ಮರ ನೋಡುವ ಹಾಗೆ. ಎಲ್ಲರ ಗಂಟಿನಲ್ಲೂ ಒಣಗಿದ ಜೋಳದ ರೊಟ್ಟಿ. ಕೆಲವರ ಹತ್ತಿರ ಖಾರದ ಪುಡಿ, ಕೆಲವರ ಹತ್ತಿರ ಅದೂ ಇಲ್ಲ. ರೊಟ್ಟಿಯನ್ನು ನಲ್ಲಿಯ ನೀರಿನಲ್ಲಿ ನೆನೆಸಿಕೊಂಡು ತಿನ್ನುತ್ತಿದ್ದರು. ತುದಿಯಲ್ಲಿ ಕುಳಿತಿದ್ದ ಒಬ್ಬ ಮುದುಕಿಯನ್ನು ಶಾಂತಾ ಮಾತಾಡಿಸಿದಳು. ಅವಳ ಹೆಸರು ಗುರುಬಸವ್ವ. ಯಡ್ರಾಮಿಯ ಆಚೆಯ ಹಳ್ಳಿ. ಹಲ್ಲು ನಾಲ್ಕೈದು ಉಳಿದಿದ್ದವು. "ಒಳಗ ಬಿಸಿ ಊಟ ಅದ, ಯಾಕ ಹೋಗವಲ್ಲಿ ಯವ್ವಾ?" ಎಂದು ಶಾಂತಾ ಕೇಳಿದರೆ, "ರೊಟ್ಟಿ ಇದ್ದಾವ್ರು ಬರಬ್ಯಾಡ್ರಿ ಅಂತ ಬಾಗಲಾಗ ಬರದಾರಂತಲ್ಲ ಬೇ. ರೊಟ್ಟಿ ಒಗದು ಅನ್ನ ಉಣ್ಣಾಕ ನನಗೇನ್ ಸೊಕ್ಕು ಬಂದದೇನು?" ಎಂದಳು.

ಶಾಂತಾ ನನ್ನ ಕಡೆ ತಿರುಗಿದಳು. "ರೊಟ್ಟಿ ಅವ್ರ ಬಲ್ಲಿ ಅದ. ಸಾರು ನಿಮ್ಮ ಬಲ್ಲಿ ಅದ. ನಡುವ ಬೋರ್ಡು ಯಾರದ್ರಿ?"

ನನ್ನದೆಂದು ಹೇಳಬೇಕಾಯಿತು. ಅಕ್ಷರ ಹೇಗಿವೆ ಎಂದು ಕೇಳಲು ಅವಳನ್ನು ಒಂದು ದಿನ ನಾನೇ ಮನೆಯಿಂದ ಕರೆತರುವ ಮನಸ್ಸಿತ್ತು. ಆ ಪ್ರಶ್ನೆ ಈಗ ಕೇಳುವಂತಿರಲಿಲ್ಲ. ಬೋರ್ಡು ಕಿತ್ತುಹಾಕಿ ಎಂದಳು. ಎರಡು ದಿನದ ಕೈಕೆಲಸ, ಕೀಳಲು ಜೀವ ಒಲ್ಲದು. ಕೊನೆಗೆ ಬಣ್ಣದ ಡಬ್ಬಿ ತಂದು, ಸ್ಟೂಲು ಹತ್ತಿ, ಕಡೆಯ "ಲ್ಲ" ಅಳಿಸಿ ಅಲ್ಲಿ "ದೆ" ಎಂದು ಬರೆದೆ. ಹೊರಗಿನ ಬುತ್ತಿಗೆ ಪ್ರವೇಶವಿದೆ. ಕೆಳಗೆ ಸಣ್ಣದಾಗಿ, "ಸಾರು, ಪಲ್ಯ, ಮಜ್ಜಿಗೆ ಮಾತ್ರವೂ ಸಿಗುತ್ತದೆ" ಎಂದು ಸೇರಿಸಿದೆ. ಸಾಹೇಬರು ಕಿಟಕಿಯಿಂದ ನೋಡಿ ಗಾಬರಿಯಾಗಿ ಬಂದರು. "ಬರೀ ಸಾರು ಕೊಡಬಹುದಂತ ಆದೇಶದಾಗ ಎಲ್ಲಿ ಅದ್ರಿ?" ಎಂದರು. "ಕೊಡಬಾರದಂತ ಎಲ್ಲೀನೂ ಇಲ್ರಿ" ಎಂದೆ. ಹದಿನೈದು ವರ್ಷದ ನೌಕರಿಯಲ್ಲಿ ಮೇಲಿನವರಿಗೆ ನಾನು ಕೊಟ್ಟ ಏಕೈಕ ಎದುರುತ್ತರ ಅದು. ಕೊಟ್ಟ ಮೇಲೆ ಎರಡು ಲೋಟ ನೀರು ಕುಡಿದೆ.

ಸಾಹೇಬರಿಗಿಂತ ಕಷ್ಟವಾದದ್ದು ಖಾಜಾಸಾಬರನ್ನು ಒಪ್ಪಿಸುವುದು. ಅವರಿಗೆ ಅದು ದೊಡ್ಡ ಅವಮಾನವಾಗಿ ಕಂಡಿತು. "ಮದುವಿ ಮನಿಗಿ ಬೀಗರು ರೊಟ್ಟಿ ಕಟ್ಕೊಂಡು ಬಂದಂಗಾತಲ್ರಿ! ನಾ ಇರೋದ್ ಯಾತಕ್ಕ?" ಎಂದು ಮುಖ ತಿರುಗಿಸಿ ಕುಳಿತರು. ಶಾಂತಾ ಅವರ ಮುಂದೆ ಹೋಗಿ ನಿಂತು, "ಕಾಕಾ, ಮಂದಿ ಎಣಿಸಿ ಬಂದೇನಿ. ಹೊರಗ ನಲವತ್ತು ಅದಾರ. ಬಜಾರದ ಹಮಾಲರು ಬುತ್ತಿ ಕಟ್ಕೊಂಡೇ ಬರ್ತಾರ, ಅವ್ರೂ ಬರ್ತಾರ. ನಾಳಿ ನೂರು ಮಂದಿ ಅಂತ ತಿಳ್ಕೊಂಡು ಮಾಡ್ರಿ" ಎಂದಳು. "ನೂರು?" ಎಂದು ಅವರ ತಲೆ ಈ ಕಡೆ ತಿರುಗಿತು. ಗಡ್ಡ ನೀವಿಕೊಂಡು, "ಪುಂಡಿಪಲ್ಯ ಮಾಡ್ಲೇನವ್ವಾ?" ಎಂದು ಅವಳನ್ನೇ ಕೇಳಿದರು. ಉಸ್ತುವಾರಿ ಆಸಾಮಿಯಾದ ನಾನು ಅಲ್ಲೇ ನಿಂತಿದ್ದೆ. ನನ್ನನ್ನು ಯಾರೂ ಕೇಳಲಿಲ್ಲ.

ಮರುದಿನ ಖಾಜಾಸಾಬರು ಮೂಲೆಯಲ್ಲಿ ಬೋರಲು ಬಿದ್ದಿದ್ದ ದೊಡ್ಡ ಹಂಡೆಯನ್ನು ತಾವೇ ಉಜ್ಜಿ ತೊಳೆದು ಒಲೆಗೇರಿಸಿದರು. ಹುಳಿ ಸೊಪ್ಪಿಗೆ ಬೇಳೆ ಹಾಕಿ ಕಡೆದ ಪುಂಡಿಪಲ್ಯ, ಬೆಳ್ಳುಳ್ಳಿಯ ಒಗ್ಗರಣೆ. ಆ ವಾಸನೆ ಬೇವಿನ ಮರ ದಾಟಿ, ನಮ್ಮ ಕಚೇರಿಯ ಕಿಟಕಿ ಹೊಕ್ಕು, ಹನ್ನೊಂದೂವರೆಗೇ ನಾಲ್ಕು ಜನ ಗುಮಾಸ್ತರನ್ನು ಕುರ್ಚಿಯಿಂದ ಎಬ್ಬಿಸಿತು. ಹೊರಗಿನವರು ಮೊದಲು ಬಾಗಿಲಲ್ಲಿ ನಿಂತು ಅನುಮಾನಿಸಿದರು. ಗುರುಬಸವ್ವ ಗಂಟು ಎದೆಗವಚಿಕೊಂಡು ಮುಂದೆ ಬಂದು, "ಖರೇನೇ ಕುಂದರಬೇಕೇನ್ರಿ?" ಎಂದು ಕೇಳಿದಳು. "ಕುಂದರ್ರಿ ಯವ್ವಾ" ಎಂದೆ. ಅವಳು ಕುಳಿತಳು, ಅವಳ ಹಿಂದೆ ಸಾಲು ಕುಳಿತಿತು. ರೊಟ್ಟಿ ಮುರಿಯುವ ಸಪ್ಪಳ ಶೆಡ್ಡಿನ ತುಂಬ ಎದ್ದಿತು. ಬುತ್ತಿ ತಂದವರು ತರದವರಿಗೆ ಒಂದೊಂದು ರೊಟ್ಟಿ ಕೊಟ್ಟರು, ತರದವರು ತಮ್ಮ ತಾಟಿನ ಅನ್ನ ಅವರತ್ತ ಸರಿಸಿದರು. ಖಾಜಾಸಾಬರು ಮೊಣಕಾಲಿನ ನೆನಪೇ ಇಲ್ಲದಂತೆ ಸಾಲಿನುದ್ದಕ್ಕೂ ಓಡಾಡಿ, ಬೇಡವೆಂದವರಿಗೂ ಬಡಿಸಿದರು. ಆ ದಿನ "ರುಚಿಯಾಗಿದೆ" ಎಂದು ದುಂಡಗೆ, ದೊಡ್ಡದಾಗಿ ಬರೆದೆ. ಮನೆಗೆ ಹೋಗಿ ಶಾಂತಾಗೂ ಹೇಳಿದೆ. "ಉಂಡು ಹೇಳಾಕತ್ತೀರಲ್ಲ, ನಂಬ್ತೇನಿ ಬಿಡ್ರಿ" ಎಂದಳು.

ತಿಂಗಳು ಕಳೆಯುವುದರೊಳಗೆ ಕ್ಯಾಂಟೀನು ತುಂಬಿ ತುಳುಕತೊಡಗಿತು. ನಾನು ಮುಂಜಾನೆಯೆಲ್ಲ ಅಲ್ಲಿಯೇ. ತರಕಾರಿ ಬಂತೇ, ಬೆಂಚು ಸಾಕೇ, ಮಜ್ಜಿಗೆಗೆ ಉಪ್ಪು ಬಿತ್ತೇ ಎಂದು ಓಡಾಡುವುದರಲ್ಲಿ ನನಗೊಂದು ಗತ್ತು ಬಂದಿತ್ತು. ದಾರಿಯಲ್ಲಿ ಜನ ನಮಸ್ಕಾರ ಮಾಡುತ್ತಿದ್ದರು. ನನ್ನ ನಡಿಗೆ ಬದಲಾಗಿದೆ ಎಂದು ಟೈಪಿಸ್ಟ್ ಹೇಳಿದ.

ತಪಾಸಣೆಗೆ ಬಂದ ಅಧಿಕಾರಿ ಒಬ್ಬ ಹೆಣ್ಣುಮಗಳು. ದಪ್ಪ ಕನ್ನಡಕ, ಮಿತವಾದ ಮಾತು. ಸಾಹೇಬರು ಹಾರ ತರಿಸಿದ್ದರು; ಅವರು ಅದನ್ನು ಕೈಯಿಂದಲೇ ತಡೆದು ನೇರ ಕ್ಯಾಂಟೀನಿಗೆ ಬಂದರು. ಬೋರ್ಡು ಓದಿದರು, "ದೆ" ಎಂಬ ಅಕ್ಷರದ ಹಿಂದೆ ಇಣುಕುತ್ತಿದ್ದ "ಲ್ಲ"ವನ್ನೂ ಓದಿದರು. ಬೆಂಚಿನ ತುದಿಯಲ್ಲಿ ಗುರುಬಸವ್ವನ ಪಕ್ಕದಲ್ಲೇ ಕುಳಿತು ಊಟ ಮಾಡಿದರು. ಪಲ್ಯ ಎರಡು ಸಲ ಹಾಕಿಸಿಕೊಂಡರು. ನಾನು ಕೈಕಟ್ಟಿ ಎದುರಿಗೇ ನಿಂತಿದ್ದೆ, ಹೊಗಳಿಕೆ ಎಲ್ಲಿಂದ ಬಂದರೂ ಹಿಡಿಯಲು ಅನುಕೂಲವಾಗುವ ಹಾಗೆ.

"ಅಜ್ಜಿ, ಊಟ ಹೇಗಿದೆ?" ಎಂದು ಮೇಡಂ ಕೇಳಿದರು.

"ಭಾಳ ಛಲೋ ಅದರಿ ಬಾಯಾರ. ವಾರಕ್ಕ ಎರಡ್ ಸಲ ಬರ್ತೇನಿ."

ನನ್ನ ಎದೆ ಉಬ್ಬಿತು.

"ಅಷ್ಟು ದೂರದಿಂದ ಊಟಕ್ಕೇ ಬರ್ತೀರಾ?"

"ಊಟಕ್ಕಲ್ರಿ. ಮುದುಕರ ಪಗಾರಕ್ಕ ಅರ್ಜಿ ಕೊಟ್ಟೇನಿ. ನಾಕ್ ತಿಂಗಳಾತು. ಬಂದಾಗೆಲ್ಲಾ ಆ ಅರ್ಜಿ ಸಾಹೇಬ್ರು ಕುರ್ಚಿ ಮ್ಯಾಲ ಇಲ್ಲ ಅಂತಾರ. ಹೋಗ್ಲಿ, ಊಟ ಜಲ್ದಿ ಸಿಗತದ, ಉಂಡು ಹೋಗ್ತೇನಿ."

"ಎಲ್ಲಿ ಇರ್ತಾರಂತೆ ಆ ಸಾಹೇಬ್ರು?"

"ಕ್ಯಾಂಟೀನಿನ್ಯಾಗ ಇರ್ತಾರಂತ ಹೇಳ್ತಾರ. ನಾ ಬಂದಾಗೆಲ್ಲಾ ಇಲ್ಲೇ ಇರ್ತೇನಿ, ನನಗೇನ್ ಯಾರೂ ಕಾಣವಲ್ರು."

ಬೇರೆಯವರಿಗೆ ಹೇಗೋ, ನನಗೆ ಆ ಅರ್ಜಿಯ ಸಾಹೇಬ ಯಾರೆಂದು ತಕ್ಷಣ ಹೊಳೆಯಿತು. ನಮ್ಮ ಕಚೇರಿಯಲ್ಲಿ ವೃದ್ಧಾಪ್ಯ ವೇತನದ ಕಡತಗಳು ಬರುವುದು ಒಂದೇ ಮೇಜಿಗೆ. ಆ ಮೇಜು ನನ್ನದು. ಬಂದಾಗಲೆಲ್ಲ ನಾನೇ ಮಜ್ಜಿಗೆ ಹಾಕಿಸಿದ, ಹೆಸರು ಹಿಡಿದು ಮಾತಾಡಿಸಿದ ಮುದುಕಿ ನನ್ನ ಮೇಜಿನ ಮೇಲೆ ನಾಲ್ಕು ತಿಂಗಳಿನಿಂದ ಕುಳಿತಿದ್ದಳು. ಯಾವ ಕೆಲಸಕ್ಕೆ ಬರುತ್ತೀ ಎಂದು ನಾನು ಒಂದು ದಿನವೂ ಕೇಳಿರಲಿಲ್ಲ. ಅವಳ ಅಕ್ಕಪಕ್ಕ ಕುಳಿತವರನ್ನು ನೋಡಿದೆ. ಅವರಲ್ಲಿ ಎಷ್ಟು ಜನ ನನ್ನ ಮೇಜಿನವರೋ! ಕಟ್ಟಿದ್ದ ಕೈ ಕೆಳಗಿಳಿಸಿದೆ; ಅದು ಕನ್ನಡಕದ ಕಣ್ಣಿಗೆ ಬಿದ್ದಿರಬೇಕು. ಮೇಡಂ ಕೈ ತೊಳೆದು ಬಂದು, ನನಗೊಬ್ಬನಿಗೇ ಕೇಳುವಷ್ಟು ಮೆಲ್ಲಗೆ, "ಕ್ಯಾಂಟೀನು ಚೆನ್ನಾಗಿ ನಡೀತಿದೆ. ಮುಚ್ಚೋದು ಬೇಡ ಅಂತ ಬರೀತೀನಿ. ಜನ ಯಾಕೆ ಇಷ್ಟು ಬರ್ತಿದ್ದಾರೆ ಅನ್ನೋದನ್ನೂ ಬರೀಲಾ?" ಎಂದರು. "ಹದಿನೈದು ದಿವ್ಸ ಕೊಡ್ರಿ ಮೇಡಂ" ಎಂದೆ. ಅವರು ನಕ್ಕರೋ ಇಲ್ಲವೋ ಆ ಕನ್ನಡಕದಲ್ಲಿ ತಿಳಿಯಲಿಲ್ಲ.

ಹದಿನೈದು ದಿನ ನಾನು ಕುರ್ಚಿಯಿಂದ ಏಳಲಿಲ್ಲ. ಕ್ಯಾಂಟೀನಿನ ತಾಟನ್ನು ಖಾಜಾಸಾಬರೇ ಮೇಜಿಗೆ ತಂದಿಟ್ಟು ಹೋಗುತ್ತಿದ್ದರು. ಕಡತಗಳು ಒಂದೊಂದಾಗಿ ಸಾಹೇಬರ ಸಹಿಗೆ ಹೋದವು. ಮೊದಲನೆಯದು ಗುರುಬಸವ್ವನದು. ಮಂಜೂರಾತಿಯ ಕಾಗದ ಕೈಗೆ ಕೊಟ್ಟಾಗ ಅವಳು ಅದನ್ನು ಹಣೆಗೊತ್ತಿಕೊಂಡು ಬುತ್ತಿಯ ಅರಿವೆಯಲ್ಲಿ ಸುತ್ತಿಟ್ಟಳು. "ಅರ್ಜಿ ಸಾಹೇಬ್ರು ಅಂದ್ರ ನೀವೇ ಏನ್ರಿ? ನಾ ನಿಮಗ ಕ್ಯಾಂಟೀನಿನ್ಯಾಗ ಬಡಸಾವ್ರು ಅಂತ ತಿಳಕೊಂಡಿದ್ನಿ. ಅದ ಛಲೋ ಮಾಡ್ತಿದ್ರಿ" ಎಂದಳು. ಬೈದಳೋ ಹೊಗಳಿದಳೋ ಇವತ್ತಿಗೂ ನಿರ್ಧಾರವಾಗಿಲ್ಲ.

ಕೆಲಸ ಮುಗಿದವರು ಬರುವುದು ನಿಂತಿತು. ಬೆಂಚುಗಳು ಅಲ್ಲಲ್ಲಿ ಖಾಲಿ ಕಾಣತೊಡಗಿದವು. ಒಂದು ದಿನ ಖಾಜಾಸಾಬರು ನನ್ನ ಮೇಜಿನ ಹತ್ತಿರ ಬಂದು, ಆಚೀಚೆ ನೋಡಿ, ಬಗ್ಗಿ ಹೇಳಿದರು: "ಸಾಹೇಬ್ರ, ತಪ್ಪು ತಿಳೀಬ್ಯಾಡ್ರಿ. ನೂರಕ್ಕ ಇಪ್ಪತ್ತು ಕಮ್ಮಿ ಆಗ್ಯಾರ. ಕೆಲಸ ಸ್ವಲ್ಪ ಸಾವಕಾಶ ಮಾಡಾಕ ಬರತದೇನ್ರಿ?" ನಾನು ಗದರಿಸಿ ಕಳಿಸಿದೆ. ಕಳಿಸಿದೆನೇನೋ ಹೌದು. ಆದರೆ ಆಗ ನನ್ನ ಕೈಯಲ್ಲಿ ನೆಲೋಗಿ ಕಡೆಯ ಒಬ್ಬ ಮುದುಕನ ಅರ್ಜಿಯಿತ್ತು. ಅದನ್ನು ಸಾಹೇಬರಿಗೆ ಕಳಿಸಲೋ, ಸೋಮವಾರದ ತನಕ ಇಟ್ಟುಕೊಳ್ಳಲೋ ಎಂದು ಪೂರ್ತಿ ಐದು ನಿಮಿಷ ಯೋಚಿಸಿದೆ. ಸುಳ್ಳು ಹೇಳುವುದಿಲ್ಲ. ಆ ಐದು ನಿಮಿಷ ನಾನು ಎಂಥ ಮನುಷ್ಯನಾಗಿದ್ದೆ ಎಂದು ನೆನೆದರೆ ಈಗಲೂ ಕಿವಿ ಬಿಸಿಯಾಗುತ್ತದೆ. ಕೊನೆಗೆ ಎದ್ದು ನಾನೇ ಸಹಿ ಮಾಡಿಸಿಕೊಂಡು ಬಂದು, ಆ ಮುದುಕನನ್ನು ಹುಡುಕುತ್ತ ಹೊರಟೆ.

ಕ್ಯಾಂಟೀನಿನ ಬಾಗಿಲಲ್ಲಿ ಸರತಿಯ ಸಾಲಿನಲ್ಲಿ ನಿಂತಿದ್ದ. ಮುಂದೆ ಹಮಾಲರು, ಹಿಂದೆ ಬಜಾರದ ಇಬ್ಬರು ದರ್ಜಿಗಳು, ಬಸ್ಸಿನಿಂದ ಇಳಿದ ಒಂದು ಸಂಸಾರ. ಯಾರ ಕೈಯಲ್ಲೂ ಅರ್ಜಿ ಇರಲಿಲ್ಲ. ನಾನು ದೊಡ್ಡ ಉಪಕಾರ ಮಾಡಿದವನ ಹಾಗೆ ಕಾಗದ ಮೇಲೆತ್ತಿ, "ಅಜ್ಜಾ, ನಿಂದು ಮಂಜೂರ್ ಆತು! ಇನ್ನ ಇಲ್ಲಿ ಕಾಯೋದು ಬ್ಯಾಡ, ಊರಿಗಿ ಹೋಗಬಹುದು" ಎಂದೆ.

ಅವನು ಕಾಗದ ತೆಗೆದುಕೊಂಡು ಜೇಬಿನಲ್ಲಿಟ್ಟುಕೊಂಡ. ಸಾಲು ಬಿಡಲಿಲ್ಲ.

"ಕೆಲಸ ಆತಂದ್ರ ಊಟ ಮಾಡಬಾರದೇನ್ರಿ?" ಎಂದ. "ಬಾಗಲಾಗ ನಿಂತೀರಿ, ಸ್ವಲ್ಪ ಸರೀರಿ."

ನಾನು ಸರಿದು ನಿಂತೆ.